ಸೈಕಲ್ಲಿಗೂ ಗಾಡಿಗೂ ನಡುವಿನ ಕೊಂಡಿ

ಸೈಕಲ್ಲಿನ ಹಿಂದೆ ಎರಡು ಚಕ್ರದ ಸಣ್ಣ ಗಾಡಿ ಸಿಕ್ಕಿಸಿಕೊಂಡು ಹೋಗುವವರು ನಮ್ಮ ಕಡೆ ಇನ್ನೂ ಇದ್ದಾರೆ. ಎರಡನ್ನೂ ಸೇರಿಸುವ ಕಬ್ಬಿಣದ ಕೊಂಡಿ ಮಾಡುವವನು ನಾನು. ಮೊದಲು ರಾಬರ್ಟ್‌ಸನ್‌ಪೇಟೆಯಲ್ಲಿ ಅಂಗಡಿ ಇತ್ತು, ಈಗ ಬಂಗಾರಪೇಟೆಯಲ್ಲಿದೆ. ಕೊಂಡಿ ಗಟ್ಟಿಯಾಗಿರುವಷ್ಟು ದಿನ ನನ್ನ ನೆನಪು ಯಾರಿಗೂ ಬರುವುದಿಲ್ಲ. ಹಾಗಾಗಿ ಅಂಗಡಿಗೆ ಬಂದವರೆಲ್ಲ ಒಂದೊಂದು ಕಥೆ ಹೊತ್ತುಕೊಂಡೇ ಬರುತ್ತಾರೆ.

೧. ಹಗುರ

ಹಸು ಸಾಕಿದ್ದ ಹಳ್ಳಿಯವನೊಬ್ಬ ಗಾಡಿ ತುಂಬ ಹುಲ್ಲು ಹೇರಿಕೊಂಡು ನಮ್ಮ ಬೀದಿಯಲ್ಲೇ ಓಡಾಡುತ್ತಿದ್ದ. ಹೊಸ ಕೊಂಡಿ ಹಾಕಿಸಿಕೊಂಡ ವಾರಕ್ಕೆ, ನನ್ನನ್ನು ಹೊಗಳಲೆಂದೇ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದ. ಮೊದಲೆಲ್ಲ ದಿಣ್ಣೆ ಹತ್ತುವಾಗ ಎದೆ ಒಡೆದು ಹೋಗುತ್ತಿತ್ತಂತೆ, ಇವತ್ತು ಹಾಡು ಹೇಳಿಕೊಂಡು ಹತ್ತಿದನಂತೆ. "ಗಾಡಿ ಐತೆ ಅಂತಾನೇ ಗೊತ್ತಾಗಾಕಿಲ್ಲ ಅಣ್ಣಾ" ಅಂದ.

ನಾನು ಅವನ ಹಿಂದೆ ನೋಡಿದೆ. ಅರ್ಧ ಕೊಂಡಿ ನೇತಾಡುತ್ತಿತ್ತು. ಗಾಡಿ ಇರಲಿಲ್ಲ.

ಇಬ್ಬರೂ ಹುಡುಕಿಕೊಂಡು ಹೋದೆವು. ದಿಣ್ಣೆಯ ಕೆಳಗೆ ಗಾಡಿ ನೆಟ್ಟಗೆ ನಿಂತಿತ್ತು. ಹುಲ್ಲು ಹಸುಗಳ ಹೊಟ್ಟೆಗೇ ಸೇರಿತ್ತು. ಹಸುಗಳು ಮಾತ್ರ ಬೇರೆಯವರವು.

೨. ಗಟ್ಟಿ

ಆ ಅವಮಾನದಿಂದ ನನಗೆ ಹಟ ಬಂತು. ಎಂದೂ ಮುರಿಯದ ಕೊಂಡಿ ಮಾಡುತ್ತೇನೆ ಅಂತ ಹೆಬ್ಬೆರಳು ಗಾತ್ರದ ಸರಳು ತಂದು ಬಗ್ಗಿಸಿ ವೆಲ್ಡ್ ಮಾಡಿದೆ. ಪಕ್ಕದ ಮನೆಯಲ್ಲಿ ಗಣಿ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಅದನ್ನು ತಿರುಗಿಸಿ ನೋಡಿ, "ಇಷ್ಟು ಗಟ್ಟಿ ಬೇಡ ತಂಬಿ. ಎಳೆಯೋ ಕಡೆ ಏನಾದ್ರೂ ಒಂದು ಮುರಿಯಲೇಬೇಕು. ಚಿಕ್ಕದು ಮುರೀಲಿ" ಅಂದರು. ವಯಸ್ಸಾದವರ ಮಾತು ಅಂತ ತಲೆಯಾಡಿಸಿ, ಕೊಂಡಿಯನ್ನು ಹಾಗೇ ಮಾರಾಟಕ್ಕಿಟ್ಟೆ.

ಅದನ್ನು ಹಾಕಿಸಿಕೊಂಡವರು ಇಡ್ಲಿ ಮಾರುವ ಅಕ್ಕ. ಹದಿನೈದು ದಿನ ಕಳೆದ ಮೇಲೆ ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಬಂದರು. ಗಾಡಿಗೆ ಒಂದು ಗೀರೂ ಬಿದ್ದಿರಲಿಲ್ಲ, ಕೊಂಡಿ ಹೊಳೆಯುತ್ತಿತ್ತು. ಹಳ್ಳದಲ್ಲಿ ಎಳೆದ ರಭಸಕ್ಕೆ ಸೈಕಲ್ಲಿನ ಫ್ರೇಮೇ ಎರಡು ತುಂಡಾಗಿತ್ತು. ಅಕ್ಕ ಬೈಯಲಿಲ್ಲ. ತಣ್ಣಗೆ ಹೇಳಿದರು:

"ಕೊಂಡಿ ಬಲು ಚೆನ್ನಾಗೈತೆ. ಇದಕ್ಕೊಂದು ಸೈಕಲ್ ಮಾಡ್ಕೊಡಿ."

೩. ಪಿನ್ನು

ಆಮೇಲೆ ಬುದ್ಧಿ ಬಂತು. ಸಾಧಾರಣ ಗಾತ್ರದ ಕೊಂಡಿ ಮಾಡಿ, ಗಾಡಿ ಬೇಡವಾದಾಗ ಕಳಚಿಡಲು ನಡುವೆ ಒಂದು ಪಿನ್ನು ಇಟ್ಟೆ.

ಬಂಗಾರಪೇಟೆ ಸಂತೆಗೆ ಸೊಪ್ಪು ತರುವ ಗಂಡ ಹೆಂಡತಿ ಅದನ್ನು ಕೊಂಡರು. ಆತ ತುಳಿಯುತ್ತಿದ್ದ, ಆಕೆ ಹಿಂದಿನಿಂದ ಗಾಡಿ ತಳ್ಳುತ್ತಿದ್ದಳು. ಒಂದು ಬೆಳಗ್ಗೆ ಆತ ಸೈಕಲ್ ತಳ್ಳಿಕೊಂಡು ಒಬ್ಬನೇ ಬಂದ. ಮುಖದಲ್ಲಿ ರಕ್ತದ ಕಳೆಯೇ ಇರಲಿಲ್ಲ. ಕೆರೆ ಏರಿ ಪಕ್ಕದ ಅಂಗಡಿಯಲ್ಲಿ ಟೀ ಕುಡಿದು ಹೊರಗೆ ಬಂದರೆ ಸೈಕಲ್ ಮಾತ್ರ ನಿಂತಿತ್ತಂತೆ. ಕೊಂಡಿ ಕಿತ್ತು ಗಾಡಿಯೂ ಹೆಂಡತಿಯೂ ಕೆರೆಗೆ ಜಾರಿದರೇನೋ ಅಂತ ಕೆಳಗಿಳಿದು, ಹೆಸರು ಹಿಡಿದು ಕೂಗಿ, ಮಂಡಿಯವರೆಗೂ ನೀರಲ್ಲಿ ಹುಡುಕಿದ್ದ.

ಬಗ್ಗಿ ನೋಡಿದೆ. ಕೊಂಡಿಗೆ ಏನೂ ಆಗಿರಲಿಲ್ಲ, ಪಿನ್ನು ಮಾತ್ರ ಇರಲಿಲ್ಲ. ದಾರಿಯಲ್ಲಿ ಏನಾದರೂ ಮಾತು ಬಂತಾ ಅಂತ ಕೇಳಿದೆ. ಮಾತೇನಿಲ್ಲ, ಸೊಪ್ಪು ಸರಿಯಾಗಿ ಕಟ್ಟಿಲ್ಲ ಅಂತ ಮನೆಯಿಂದ ಕೆರೆವರೆಗೂ ಅವಳಿಗೆ ಬುದ್ಧಿ ಹೇಳಿಕೊಂಡು ಬಂದೆ ಅಷ್ಟೇ, ಅಂದ.

ಅವನನ್ನು ಸಂತೆಗೆ ಕರೆದುಕೊಂಡು ಹೋದೆ. ಆಕೆ ಅಲ್ಲೇ ಇದ್ದಳು. ಗಾಡಿ ತಾನೇ ತಳ್ಳಿಕೊಂಡು ಬಂದು, ಸೊಪ್ಪೆಲ್ಲ ಮಾರಿ, ಖಾಲಿ ಗೋಣಿ ಮಡಿಸುತ್ತಿದ್ದಳು. ಪಿನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದಳು. ಅವನ ಒದ್ದೆ ಪಂಚೆಯನ್ನು ಒಮ್ಮೆ ನೋಡಿದಳು. ಆತನ ಕಣ್ಣಲ್ಲಿ ನೀರು ತುಂಬಿತ್ತು, ಆದರೂ ಗಂಡಸುತನ ಬಿಡಬೇಕಲ್ಲ. ನನ್ನ ಕಡೆ ತಿರುಗಿ, "ಇನ್ಮೇಲೆ ಪಿನ್ನಿಗೆ ಬೀಗ ಆಕೋ ಅಂಗೆ ಮಾಡ್ಕೊಡಿ ಅಣ್ಣಾ" ಅಂದ.

"ಮಾಡ್ಕೊಡಿ ಅಣ್ಣಾ" ಅಂದಳು ಆಕೆ, ಗೋಣಿ ಮಡಿಸುತ್ತಲೇ. "ಬೀಗದ ಕೈ ನನ್ನ ಕೈಗೆ ಕೊಡಿ."