ತುಪ್ಪದಲ್ಲಿ ಇನ್ಸುಲಿನ್

ಮನೆಯಲ್ಲಿ ಪಾಠ ಹೇಳಬಾರದು ಎಂಬುದನ್ನು ನಾನು ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಅದೂ ಅತ್ತೆಯವರಿಂದ. ನಿಪ್ಪಾಣಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ನಾನು ಮಾಸ್ತರ. ಅಲ್ಲೊಂದು ಸೆಮಿನಾರಿನಲ್ಲಿ, ಇನ್ಸುಲಿನ್ನನ್ನು ಚುಚ್ಚದೆ ನುಂಗಿಸುವುದು ಹೇಗೆಂದು ಮಾತಾಡಬೇಕಿತ್ತು. ಇನ್ಸುಲಿನ್ ಒಂದು ಪ್ರೋಟೀನು. ಬರಿದೇ ನುಂಗಿದರೆ ಹೊಟ್ಟೆ ಅದನ್ನು ಬೇಳೆಯಂತೆ ಅರಗಿಸಿಬಿಡುತ್ತದೆ. ಅದಕ್ಕೇ ವಿಜ್ಞಾನಿಗಳು ಪಾಲಿಮರಿನ ಹೊದಿಕೆ ಹಾಕಿ, ಕರುಳು ಮುಟ್ಟಿದ ಮೇಲೆ ಆ ಹೊದಿಕೆ ತಾನೇ ಕರಗಿಹೋಗುವಂತೆ ಮಾಡಲು ಹೆಣಗುತ್ತಿದ್ದಾರೆ. ಇದನ್ನೆಲ್ಲ ಗಟ್ಟಿಯಾಗಿ ಹೇಳಿ ರೂಢಿಮಾಡಿಕೊಳ್ಳಲು ಚಿಕ್ಕೋಡಿಯ ನಮ್ಮ ಮನೆಯಲ್ಲಿ ಸಿಕ್ಕವರು ಅತ್ತೆಯವರೊಬ್ಬರೇ. ಹೆಂಡತಿ ಶಾಂತಾ ಮೊದಲ ವಾಕ್ಯಕ್ಕೇ ಅಡುಗೆಮನೆ ಸೇರಿದ್ದಳು. ದಿನಾ ಬೆಳಿಗ್ಗೆ ತಾವೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುವ ಅತ್ತೆ ಮಾತ್ರ ಕಣ್ಣು ಮಿಟುಕಿಸದೆ ಕೇಳಿದರು. ಕೊನೆಗೆ, ಹೊದಿಕೆ ಇದ್ದರೆ ಕುಡಿಯಬಹುದೇ ಎಂದರು. ಕಾಲೇಜಿನ ಹುಡುಗರು ಇಷ್ಟು ವರ್ಷದಲ್ಲಿ ನನಗೊಂದು ಪ್ರಶ್ನೆ ಹಾಕಿದವರಲ್ಲ. ಖುಷಿಯಲ್ಲಿ ಹೂಂ ಎಂದುಬಿಟ್ಟೆ.

ಹತ್ತು ದಿನದಲ್ಲಿ ಅತ್ತೆ ಬಾಡಿಹೋದರು. ತೀರದ ಬಾಯಾರಿಕೆ, ಸುಸ್ತು. ಡಾಕ್ಟರು ರಕ್ತ ನೋಡಿ, ಸಕ್ಕರೆ ವಿಪರೀತ ಏರಿದೆ, ಈಗಿನ ಇನ್ಸುಲಿನ್ ಸಾಲುತ್ತಿಲ್ಲ ಎಂದು ಪ್ರಮಾಣ ಹೆಚ್ಚಿಸಿದರು. ಕೈ ನಡುಗುತ್ತದೆ, ಇನ್ನು ಮಗಳೇ ಚುಚ್ಚಲಿ ಎಂದೂ ಹೇಳಿದರು.

ಮರುದಿನ ಬೆಳಿಗ್ಗೆ ಶಾಂತಾ ಸಿರಿಂಜು ತುಂಬಿಕೊಂಡು ಬಂದಳು. ಅತ್ತೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. ಹೆದರಿಕೆಯೇನೋ ಎಂದು ನಾನು ಧೈರ್ಯ ಹೇಳುತ್ತಿದ್ದೆ. ಸೂಜಿ ಇನ್ನು ಬೆರಳಗಲದಷ್ಟೇ ದೂರವಿತ್ತು.

"ತಡಿಯವ್ವ. ಹತ್ತ ದಿನ ಆತು, ನಾ ಚುಚ್ಚಿಕೊಂಡ ಇಲ್ಲ. ಕುಡದೀನಿ."

ಹೇಗೆ ಕುಡಿದಿರಿ ಎಂದೆ.

"ಹೊದಿಕಿ ಬೇಕಂತ ನೀವ ಅಂದಿದ್ರೆಲ್ಲರಿ. ತುಪ್ಪದಾಗ ಕಲಸೀನಿ."

ಶಾಂತಾಳ ಮುಂಗೈ ಹಿಡಿದುಬಿಟ್ಟೆ. ಹತ್ತು ದಿನ ಒಂದು ಹನಿಯೂ ರಕ್ತಕ್ಕೆ ಸೇರಿಲ್ಲ. ಇದು ತಿಳಿಯದೆ ಹೆಚ್ಚಿನ ಪ್ರಮಾಣ ಚುಚ್ಚಿದ್ದರೆ ಸಕ್ಕರೆ ಒಮ್ಮೆಗೇ ಕುಸಿದು ಅತ್ತೆಯ ಜೀವಕ್ಕೇ ಕುತ್ತು ಬರುತ್ತಿತ್ತು. ಫೋನಿನಲ್ಲಿ ಡಾಕ್ಟರು, ಮೊದಲಿನಷ್ಟೇ ಕೊಟ್ಟು ಕೂಡಲೇ ಕರೆತನ್ನಿ ಎಂದರು. ಆಸ್ಪತ್ರೆಯಲ್ಲಿ ಗಂಟೆಗೊಮ್ಮೆ ಅತ್ತೆಯ ಬೆರಳು ಚುಚ್ಚಿ ನೋಡಿದರು. ಪ್ರತಿ ಸಲವೂ ನಾನು ನರ್ಸಿನ ಮುಖ ನೋಡುತ್ತಿದ್ದೆ. ಶಾಂತಾ ನನ್ನ ಕಡೆ ತಿರುಗಲೂ ಇಲ್ಲ. ಮಧ್ಯಾಹ್ನ ದಾಟಿದ ಮೇಲೆ ಅಂಕಿ ನಿಧಾನವಾಗಿ ಇಳಿಯತೊಡಗಿತು.

ಆಗ ಡಾಕ್ಟರು ನಿರಾಳವಾಗಿ ಕೂತು, ಇನ್ಸುಲಿನ್ ಕುಡಿಯಲು ಹೇಳಿಕೊಟ್ಟ ಪುಣ್ಯಾತ್ಮ ಯಾರು ಎಂದು ಕೇಳಿದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ಹಬ್ಬಗಳನ್ನು ಹುಡುಕತೊಡಗಿದೆ. ಅತ್ತೆ ಎದ್ದು ಕೂತು, ಸೆರಗು ಸರಿಪಡಿಸಿಕೊಂಡು, ತುಂಬು ಅಭಿಮಾನದಿಂದ ನನ್ನ ಕಡೆ ಕೈ ತೋರಿಸಿದರು.

"ನಮ್ಮ ಅಳಿಯಂದ್ರರಿ. ಕಾಲೇಜಿನ್ಯಾಗ ಮಾಸ್ತರ ಅದಾರ. ಭಾಳ ತಿಳಿಸಿ ಹೇಳ್ತಾರ್ರಿ."