ಪಕ್ಕದ ಸೀಟಿನ ಲೈಸೆನ್ಸು

ಮನುಷ್ಯನಿಗೂ ಅವನ ಹೆಸರಿನಲ್ಲಿರುವ ಕಾಗದಪತ್ರಗಳಿಗೂ ಅಂಥ ಹತ್ತಿರದ ಸಂಬಂಧವೇನೂ ಇರಬೇಕಾಗಿಲ್ಲ ಎಂಬುದು ನಾನು ಬಹಳ ದಣಿದು ಕಂಡುಕೊಂಡ ಸತ್ಯ. ರೇಷನ್ ಕಾರ್ಡಿನ ಪ್ರಕಾರ ನಾನು ನನ್ನ ತಮ್ಮನಿಗಿಂತ ಎರಡು ವರ್ಷ ಚಿಕ್ಕವನು. ಮತದಾರರ ಪಟ್ಟಿಯಲ್ಲಿ ಕೆಲವು ವರ್ಷ ನಾನು ಹೆಂಗಸಾಗಿದ್ದೆ. ಇವನ್ನು ತಿದ್ದಿಸಲು ಅಲೆದಲೆದು ಚಪ್ಪಲಿ ಸವೆದ ಮೇಲೆ, ಇರುವಂತೆಯೇ ಇರಲಿ ಎಂದು ಬಿಟ್ಟುಬಿಟ್ಟೆ. ಆದರೆ ನನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿದ್ದ ತಪ್ಪನ್ನು ತಿದ್ದಿಸುವ ಯೋಚನೆಯೇ ನನಗೆ ಬರಲಿಲ್ಲ. ಅದು ನನ್ನ ಘನತೆಯನ್ನು ಹೆಚ್ಚಿಸುವ ತಪ್ಪಾಗಿತ್ತು. ನನಗೆ ಕಾರು ಓಡಿಸಲು ಬರುತ್ತದೆ ಎಂದು ಅದರಲ್ಲಿ ಬರೆದಿತ್ತು.

ಬರೆಸಿದ್ದು ನಾನಲ್ಲ. ಸ್ಕೂಟರಿನ ಲೈಸೆನ್ಸಿಗೆಂದು ಹೋದಾಗ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಕೂತು ಅರ್ಜಿ ತುಂಬಿಕೊಡುತ್ತಿದ್ದ ಮನುಷ್ಯ, "ಸರ, ಕಾರಿಂದೂ ಬರದಬಿಡ್ತೀನಿ. ಇವತ್ತಿಲ್ಲ ನಾಳೆ ತಗೋತೀರಿ, ಆಗ ಮತ್ತ ಯಾಕ ಓಡಾಡ್ತೀರಿ" ಎಂದು ಬರೆದೇಬಿಟ್ಟ. ಪರೀಕ್ಷೆಯ ದಿನ ಸಾಹೇಬರು ನನ್ನನ್ನು ಸ್ಕೂಟರಿನ ಮೇಲೆ ನೋಡಿ ಎಷ್ಟು ಬೇಸತ್ತರೆಂದರೆ, ಇನ್ನೊಂದು ವಾಹನದಲ್ಲಿ ನೋಡುವ ಆಸೆ ಅವರಿಗೆ ಉಳಿಯಲಿಲ್ಲ. ಎರಡಕ್ಕೂ ಸಹಿ ಬಿತ್ತು. ಅದೇ ವರ್ಷ ನನಗೆ ಹೆಣ್ಣು ನೋಡಲು ಹೋದಾಗ ನಮ್ಮ ಮಾವುಶಿ, ಅವ್ವನ ತಂಗಿ, ನಡುಮನೆಯಲ್ಲಿ ಕೂತು, "ನಮ್ಮ ಹುಡುಗಗ ಕಾರ್ ಲೈಸೆನ್ಸೂ ಅದ" ಎಂದಳು. ಆ ಕಡೆಯವರು ನನ್ನತ್ತ ಹೊಸ ಕಣ್ಣಿನಿಂದ ನೋಡಿದರು. ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದಾಗ, "ಸೊಲ್ಲಾಪುರದಾಗ, ಗೆಳೆಯನ ಜೀಪಿನ್ಯಾಗ" ಎಂದು ನನ್ನ ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು. ಹೀಗೆ ನನ್ನ ಸಂಸಾರ ಶುರುವಾಯಿತು.

ಗಾಜಿಪುರದ ನಮ್ಮ ಓಣಿಯಲ್ಲಿ ಎದುರುಬದುರು ಎರಡು ಸೈಕಲ್ಲು ಬಂದರೆ ಒಂದು ಯಾರದಾದರೂ ಕಟ್ಟೆ ಹತ್ತಬೇಕು. ಅಲ್ಲಿ ಕಾರಿನ ಮಾತೇ ಇರಲಿಲ್ಲವಾದ್ದರಿಂದ ಸುಳ್ಳು ಹದಿನೈದು ವರ್ಷ ಸುಖವಾಗಿ ಬಾಳಿತು. ಅದನ್ನು ಎಬ್ಬಿಸಿದ್ದು ಸರಕಾರ. ತೊಂಬತ್ತರ ದಶಕದ ನಡುವಿನ ಒಂದು ಜನವರಿಯಲ್ಲಿ, ಗಣಿತದ ಟೀಚರಾದ ನನ್ನ ಹೆಂಡತಿ ಸುಧಾಳನ್ನು ಕಮಲಾಪುರದ ಶಾಲೆಗೆ ವರ್ಗ ಮಾಡಿದರು. ಬೆಳಗಿನ ಬಸ್ಸಿನಲ್ಲಿ ಒಂದು ಕಾಲ ಮೇಲೆ ನಿಂತು ಹೋಗಬೇಕು. ಅವಳಿಗೆ ಮೊದಲೇ ಮೊಣಕಾಲು ನೋವು. ಬಸ್ಸು ತಡವಾದರೆ ಪ್ರಾರ್ಥನೆ ಮುಗಿದಿರುತ್ತಿತ್ತು, ಮೂರು ಸಲ ತಡವಾದರೆ ಅರ್ಧ ದಿನದ ರಜೆ ಹೋಗುತ್ತಿತ್ತು. ಏಪ್ರಿಲ್ ಹೊತ್ತಿಗೆ ರಜೆ ತೀರಿತು, ಮೊಣಕಾಲೂ ತೀರುವ ಹಾದಿಯಲ್ಲಿತ್ತು. ಒಂದು ಸಂಜೆ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಜೂನ್‌ದಿಂದ ಅಲ್ಲೇ ಒಂದ ಖೋಲಿ ಹಿಡೀತೀನಿ. ಶನಿವಾರ ಬರ್ತೀನಿ, ಸೋಮವಾರ ಹೋಗ್ತೀನಿ" ಎಂದಳು.

ವಾರದಲ್ಲಿ ಐದು ದಿನ ಒಬ್ಬನೇ ಇರುವುದನ್ನು ನಾನು ಆ ರಾತ್ರಿ ಊಹಿಸಿಕೊಂಡೆ. ನನಗೆ ಬರುವ ಅಡುಗೆ ಅವಲಕ್ಕಿ. ಅದೂ ಅವಳು ಒಗ್ಗರಣೆ ಹಾಕಿಟ್ಟು ಹೋದರೆ. ಆದರೆ ಅಡುಗೆಯಷ್ಟೇ ಅಲ್ಲ. ಸಂಜೆ ಕಾಲೇಜಿನಿಂದ ಬಂದು ನಾನು ಹೇಳುವ ಮಾತುಗಳನ್ನು ಅರ್ಧ ಕಿವಿಯಿಂದ ಕೇಳುವವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ನನ್ನ ವಿದ್ಯಾರ್ಥಿಗಳು ಅಷ್ಟೂ ಕೇಳುವುದಿಲ್ಲ. ಆ ಗಾಬರಿಯಲ್ಲೇ ನಾನು, "ಅಣ್ಣನ ಕಾರ್ ಸುಮ್ಮ ನಿಂತದಲ್ಲ, ನೀನ ಕಲಿ" ಎಂದುಬಿಟ್ಟೆ. ಅವಳ ಅಣ್ಣ ಸೊಲ್ಲಾಪುರಕ್ಕೆ ವರ್ಗವಾಗಿ ಹೋಗುವಾಗ ಬಿಟ್ಟುಹೋಗಿದ್ದ ಹಳೆಯ ಬಿಳಿ ಕಾರು ಪರಿಚಯದವರ ಅಂಗಳದಲ್ಲಿ ಕೋಳಿಗಳಿಗೆ ನೆರಳಾಗಿ ನಿಂತಿತ್ತು. ಬೆಳಗಿನ ಹೊತ್ತು ನನಗೂ ಕಾಲೇಜು ಇದ್ದುದರಿಂದ, ನೀವೇ ಬಿಟ್ಟು ಬರ್ರಿ ಎಂದು ಅವಳು ಕೇಳಲಾರಳು ಎಂಬ ಧೈರ್ಯ ನನಗಿತ್ತು.

ಕಲಿಸಿದವರು ಮೆಹಬೂಬ್ ಉಸ್ತಾದರು. ಊರಿನ ಮೈದಾನವೇ ಅವರ ಪಾಠಶಾಲೆ. "ಆಹಿಸ್ತಾ ಬಿಡ್ರಿ ಬಾಯಾರ, ಕ್ಲಚ್ ಅಂದ್ರ ಕೂಸಿನ ಕೈ ಇದ್ದಂಗ" ಎನ್ನುತ್ತ ಹದಿನೈದು ದಿನ ಸುತ್ತಿಸಿದರು. ಸುಧಾ ಮೈದಾನವನ್ನು ಬಲಕ್ಕೆ ಸುತ್ತುವುದರಲ್ಲಿ ಎಷ್ಟು ಪಳಗಿದಳೆಂದರೆ ಎಡಗಡೆ ಎಂಬ ದಿಕ್ಕೊಂದಿದೆ ಎಂಬುದೇ ಕಾರಿಗೆ ಮರೆತುಹೋಗಿತ್ತು. ಎರಡನೇ ಗೇರು ದಾಟಿರಲಿಲ್ಲ. ಕೊನೆಯ ದಿನ ಉಸ್ತಾದರು ಕೈ ಒರೆಸಿಕೊಳ್ಳುತ್ತ, "ಇನ್ನ ಇಲ್ಲಿ ಕಲಿಯೋದು ಏನೂ ಇಲ್ರೀ. ಹುಮನಾಬಾದ ಸಡಕಿಗೆ ಹೋಗ್ರಿ, ಕಮಲಾಪುರಕ್ಕ ಹೋಗೂದೂ ಅದೇ ದಾರಿ. ಸಾಹೇಬ್ರ ಕಡೆ ಲೈಸೆನ್ಸ್ ಅದಲ್ಲ, ಬಾಜೂಕ ಕೂಡ್ತಾರ, ಫಿಕರ್ ಮಾಡಬ್ಯಾಡ್ರಿ" ಎಂದರು.

ಕಲಿಯುವವರನ್ನು ಹೆದ್ದಾರಿಗೆ ಬಿಡಬೇಕೇ ಬಾರದೇ ಎಂಬ ಪ್ರಶ್ನೆಗೆ ನಾನು ಅಲ್ಲಿಯವರೆಗೆ ಬಹಳ ಖಚಿತವಾದ ಉತ್ತರ ಇಟ್ಟುಕೊಂಡಿದ್ದೆ. ಬಿಡಲೇಬಾರದು. ಸ್ಟಾಫ್ ರೂಮಿನಲ್ಲಿ ಈ ಬಗ್ಗೆ ಮೇಜು ಕುಟ್ಟಿ ಮಾತಾಡಿದವನು ನಾನು. ಮನೆಯಲ್ಲಿಯೂ ಅದನ್ನೇ ಹೇಳಿದೆ. ಸುಧಾ ಶಾಂತವಾಗಿ, "ನಾ ಜೂನ್‌ದಾಗ ಎಲ್ಲಿ ಹೊಡೀಬೇಕು? ಮೈದಾನದಾಗೋ, ಸಡಕಿನ್ಯಾಗೋ?" ಎಂದಳು. "ಸಡಕಿನ್ಯಾಗ." "ಅಲ್ಲಿ ಲಾರಿ ಬರ್ತಾವೋ ಇಲ್ಲೋ?" "ಬರ್ತಾವ." "ಹಂಗಾದ್ರ ಆ ಲಾರಿ ನಾ ಮೊದಲ ಸಲ ನೋಡೂದು ಒಬ್ಬಾಕಿನ ಇದ್ದಾಗೇನು, ನೀವು ಬಾಜೂಕಿದ್ದಾಗೇನು?" ಗಣಿತದವರ ಜೊತೆ ವಾದ ಮಾಡಬಾರದು. ಅವರು ನಮ್ಮ ಬಾಯಿಂದಲೇ ಉತ್ತರ ಹೇಳಿಸುತ್ತಾರೆ. ನಾನು ಪಕ್ಕದಲ್ಲಿರುವುದರಿಂದ ಲಾರಿಗೆ ಯಾವ ವ್ಯತ್ಯಾಸವೂ ಆಗುವುದಿಲ್ಲ ಎಂಬ ಒಂದೇ ಒಂದು ಸತ್ಯವಾದ ಉತ್ತರ ನನ್ನಲ್ಲಿತ್ತು. ಅದನ್ನು ಹೇಳುವಂತಿರಲಿಲ್ಲ.

ಬಿಸಿಲೇರುವ ಮೊದಲು ಹೊರಡುತ್ತಿದ್ದೆವು. ನಾನು ಎಡಗಡೆ ಕೂತು ಎರಡೂ ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದೆ. ಕಾಲಡಿಯ ಹಾಸು ನಾಲ್ಕು ದಿನದಲ್ಲಿ ಹರಿದುಹೋಯಿತು. ಎತ್ತಿನ ಗಾಡಿ ಕಂಡರೆ ಬ್ರೇಕು ಎನ್ನುತ್ತಿದ್ದೆ, ಲಾರಿ ಕಂಡರೆ ಬ್ರೇಕು ಎನ್ನುತ್ತಿದ್ದೆ, ಏನೂ ಕಾಣದಿದ್ದರೆ ಏನೋ ಬರಬಹುದು ಎಂದು ಬ್ರೇಕು ಎನ್ನುತ್ತಿದ್ದೆ. ಅವಳು ಮೂರನೆಯ ದಿನ ನಾಲ್ಕನೇ ಗೇರು ಹಾಕಿದಾಗ ಕಾರು ಒಮ್ಮೆ ಉಸಿರುಬಿಟ್ಟು ಹಗುರಾಯಿತು. ಅವಳ ಮುಖವೂ ಹಗುರಾಯಿತು. ಆಮೇಲೆ ನಾನು ಕಣ್ಣು ಮುಚ್ಚಿಕೊಂಡಿದ್ದರಿಂದ ಹೆಚ್ಚಿನ ವಿವರ ಕೊಡಲಾರೆ.

ಆರನೆಯ ದಿನ ಕಮಲಾಪುರದ ಸಂತೆ. ಮಹಾಗಾಂವ ಕ್ರಾಸಿನಲ್ಲಿ ಒಬ್ಬ ಮುದುಕ ಎರಡು ಕೆಂಪು ಬಾಳೆಯ ಗೊನೆ ಇಟ್ಟುಕೊಂಡು ಕೈ ಅಡ್ಡ ಹಿಡಿದ. ನಮ್ಮ ಕಡೆ ಗಾಡಿಯಲ್ಲಿ ಜಾಗ ಇಟ್ಟುಕೊಂಡು ನಿಲ್ಲಿಸದೆ ಹೋಗುವುದು ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದಂತೆ. ಸುಧಾ ನಿಲ್ಲಿಸಿದಳು. ಮುದುಕ ಗೊನೆಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ತಾನು ಮೂಲೆಯಲ್ಲಿ ಕೂತ.

"ಮುತ್ಯಾ, ಅಕಿ ಇನ್ನಾ ಕಲಿಯಾಕತ್ತಾಳ ನೋಡು" ಎಂದು ನಾನು ಎಚ್ಚರಿಸಿದೆ.

"ಕಲೀಲಿ ಬಿಡ್ರಿ. ನನಗೇನ ಅವಸರ ಇಲ್ಲ" ಎಂದ ಮುತ್ಯಾ.

ಊರಿನ ಬಾಗಿಲಲ್ಲಿ ಸಂತೆಯ ಜನ ರಸ್ತೆಗೇ ಬಂದಿದ್ದರು. ಪೊಲೀಸಿನವನೊಬ್ಬ ನಮ್ಮ ಕಾರಿನ ಮುಂದಿನ ಕೆಂಪು ಎಲ್ ಅಕ್ಷರ ನೋಡಿ ಕೈ ಎತ್ತಿ ನಿಲ್ಲಿಸಿದ. "ಸಂತಿ ದಿವಸ ಹೈವೇದಾಗ ಕಲಿಯಾಕ ಬಂದೀರೇನ್ರೀ ಬಾಯಾರ? ಲೈಸೆನ್ಸ್ ಯಾರ ಕಡೆ ಅದ?" ಎಂದ. ನಾನು ಹದಿನೈದು ವರ್ಷದಿಂದ ಕಾಯ್ದಿಟ್ಟ ಹೊತ್ತಗೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಚಾಚಿದೆ. ಅವನು ಹಾಳೆ ತಿರುವಿ, ಫೋಟೋದಲ್ಲಿದ್ದ ಕೂದಲನ್ನೂ ನನ್ನ ತಲೆಯನ್ನೂ ಎರಡು ಸಲ ಹೋಲಿಸಿ ನೋಡಿ, "ಹಳೇ ಡ್ರೈವರ್ ಅದೀರಲ್ರೀ ಸರ. ಸಂತಿ ದಾಟೂತನ ನೀವ ಹೊಡೀರಿ" ಎಂದ.

ಸುಧಾ ಇಳಿದು ಈ ಕಡೆ ಬಂದಳು. ನಾನೂ ಇಳಿದೆ. ಕಾರಿನ ಮುಂದೆ ನಾವಿಬ್ಬರೂ ಎದುರಾದಾಗ ಹೇಳಿಬಿಡಬಹುದಿತ್ತು. ಹದಿನೈದು ವರ್ಷದಲ್ಲಿ ಅಷ್ಟು ಒಳ್ಳೆಯ ಅವಕಾಶ ಇನ್ನೊಂದು ಸಿಕ್ಕಿರಲಿಲ್ಲ. ಆದರೆ ಬಾಳೆಹಣ್ಣಿನವರು, ಮೆಣಸಿನಕಾಯಿಯವರು, ಬಸ್ಸಿಗೆ ಕಾದವರು ಎಲ್ಲ ನೋಡುತ್ತಿದ್ದರು. ಹೋಗಿ ಸ್ಟೇರಿಂಗಿನ ಮುಂದೆ ಕೂತೆ. ಉಸ್ತಾದರ ಮಾತು ನೆನಪಿತ್ತು, ಕೂಸಿನ ಕೈ. ಆದರೆ ಮೂರು ಪೆಡಲ್‌ಗಳಲ್ಲಿ ಕೂಸು ಯಾವುದೆಂದು ತಿಳಿಯಲಿಲ್ಲ. ಕಾರು ಕಪ್ಪೆಯಂತೆ ಒಂದು ಸಲ ಜಿಗಿದು ನಿಂತಿತು. ಮತ್ತೆ ಕೀಲಿ ತಿರುವಿದೆ, ಮತ್ತೆ ಜಿಗಿಯಿತು. ಮೂರನೆಯ ಸಲ ಹಿಂದಿನ ಸೀಟಿನಿಂದ ಒಂದು ಗೊನೆ ಜಾರಿ ಕೆಳಗೆ ಬಿತ್ತು. ಆಗ ಮುತ್ಯಾ ಮುಂದೆ ಬಾಗಿ, "ತಂಗಿ, ನೀನ ಹೊಡಿ. ನನಗ ಈಗ ಅವಸರ ಅದ" ಎಂದ.

ಯಾರೂ ಗಟ್ಟಿಯಾಗಿ ನಗಲಿಲ್ಲ. ಅದೇ ಕಷ್ಟ. ಪೊಲೀಸಿನವನು ಕಿಟಕಿಯ ಹತ್ತಿರ ಬಂದು ನನ್ನನ್ನು ಕೆಲಹೊತ್ತು ನೋಡಿ, ಲೈಸೆನ್ಸನ್ನು ನನಗೆ ಕೊಡದೆ ಸುಧಾಳ ಕೈಗೆ ಕೊಟ್ಟ. "ಬಾಯಾರ, ಇದು ನಿಮ್ಮ ಕಡೇನ ಇರ್ಲಿ. ಈ ಸಲ ಬಿಟ್ಟೀನಿ. ನಾಳಿಂದ ಗಾಡಿ ಹೊಡ್ಯಾಕ ಬರೋರ್ನ ಬಾಜೂಕ ಕೂಡಿಸ್ಕೊಂಡು ಬರ್ರಿ" ಎಂದ. ಆಮೇಲೆ ತಾನೇ ಕಾರಿನ ಮುಂದೆ ನಡೆಯುತ್ತ ಲಾಠಿಯಿಂದ ಜನರನ್ನು ಸರಿಸಿದ. ಸುಧಾ ಮತ್ತೆ ತನ್ನ ಜಾಗಕ್ಕೆ ಬಂದು, ಮೊದಲ ಗೇರಿನಲ್ಲಿ, ಒಂದು ಬುಟ್ಟಿಗೂ ತಾಗಿಸದೆ, ಸಂತೆ ದಾಟಿಸಿದಳು. ಮುತ್ಯಾ ಇಳಿಯುವಾಗ ಅವಳಿಗೆ ನಾಲ್ಕು ಹಣ್ಣು ಕೊಟ್ಟ. ನನಗೆ ಕೊಡಲಿಲ್ಲ.

ವಾಪಸು ಬರುವಾಗ ಮಹಾಗಾಂವ ಕ್ರಾಸಿನಲ್ಲಿ ಅವಳು ಮೂರನೇ ಗೇರಿಗೆ ಇಳಿಸಿದಳು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ, "ಸೊಲ್ಲಾಪುರದ ಜೀಪು?" ಎಂದಳು.

"ಕೂತಿದ್ದೆ. ಅದು ನಿಂತಿತ್ತು" ಎಂದೆ.

ಅವಳು ಲಾರಿಯೊಂದಕ್ಕೆ ದಾರಿ ಬಿಟ್ಟುಕೊಟ್ಟು, ಮತ್ತೆ ನಾಲ್ಕನೇ ಗೇರು ಹಾಕಿದಳು. "ನೀವು ಜೋಡಿ ಇದ್ದೀರಿ ಅಂತ ಧೈರ್ಯ ಇತ್ತು ನನಗ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಸುಳ್ಳ ಇದ್ರೂ ಇತ್ತು ಬಿಡ್ರಿ" ಎಂದಳು. ಅದು ಕ್ಷಮೆಯೋ ಲೆಕ್ಕವೋ ಎಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಮರುದಿನದಿಂದ ಪಕ್ಕದಲ್ಲಿ ಮೆಹಬೂಬ್ ಉಸ್ತಾದರು, ಹಿಂದೆ ನಾನು. ಯಾರೂ ಕರೆದಿರಲಿಲ್ಲ, ಆದರೂ ಹೋಗುತ್ತಿದ್ದೆ. ಶಾಲೆ ತೆರೆಯುವ ಮೊದಲೇ ಅವಳಿಗೆ ಪೂರ್ತಿ ಲೈಸೆನ್ಸು ಬಂತು. ಪರೀಕ್ಷೆ ಕೊಟ್ಟು ಪಡೆದದ್ದು. ಖೋಲಿಯ ಮಾತು ಅಲ್ಲಿಗೆ ನಿಂತಿತು. ದಿನವೂ ಪ್ರಾರ್ಥನೆಗೆ ಮೊದಲೇ ಕಮಲಾಪುರ ಮುಟ್ಟುತ್ತಿದ್ದಳು, ಸಂಜೆ ಮನೆಗೆ ಬಂದು ನನ್ನ ಮಾತನ್ನು ಅರ್ಧ ಕಿವಿಯಿಂದ ಕೇಳುತ್ತಿದ್ದಳು. ಎಡಗಡೆಯ ಸೀಟಿನಲ್ಲಿ ಆಗಿನಿಂದ ಊಟದ ಡಬ್ಬಿ, ಛತ್ರಿ, ಉತ್ತರಪತ್ರಿಕೆಗಳ ಕಟ್ಟು ಕೂತು ಹೋಗುತ್ತಿದ್ದವು. ಒಂದು ಬೆಳಿಗ್ಗೆ ಅವನ್ನು ನಾನೇ ಒಯ್ದಿಡುತ್ತ, "ನನ್ನ ಜಾಗಾದಾಗ ಇವು ಬಂದಾವಲ್ಲ, ಹ್ಯಾಂಗ ಅನಸ್ತದ ನಿನಗ?" ಎಂದು ಕೇಳಿದೆ.

"ಇವಕ್ಕೂ ಗಾಡಿ ಹೊಡ್ಯಾಕ ಬರೂದಿಲ್ಲ" ಎಂದಳು ಬಾಗಿಲು ಎಳೆದುಕೊಳ್ಳುತ್ತ, "ಆದ್ರ ಬ್ರೇಕ್ ಬ್ರೇಕ್ ಅಂತ ಒದರೂದಿಲ್ಲ."