ಮೇಸ್ತ್ರಿ ಏಣಿ ಹತ್ತಿದ್ದು

ಇಷ್ಟಕ್ಕೆಲ್ಲ ಕಾರಣ ಒಂದು ಏಣಿ. ಊರಿನ ಅರ್ಧ ಮನೆಗಳನ್ನು ಕಟ್ಟಿದ ಮೇಸ್ತ್ರಿ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಏಣಿ ಹತ್ತಿದವನಲ್ಲ. ಕೆಳಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು, ‘ಎಡಕ್ಕೆ ಒಂದು ನೂಲು ಸರಿಸ್ರೋ’ ಎಂದು ಕೂಗಿದರೆ ಸಾಕು, ಗೋಡೆ ನೆಟ್ಟಗೆ ಏಳುತ್ತಿತ್ತು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುತ್ತಿದ್ದವಳು ಹೆಂಡತಿ.

ಈಗ ಹೊಸ ನಿಯಮ ಬಂದಿತ್ತು. ಲೈಸೆನ್ಸ್ ಇಲ್ಲದವನು ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವಂತಿಲ್ಲ. ಲೈಸೆನ್ಸ್ ಬೇಕೆಂದರೆ ಮನುಷ್ಯ ಪ್ರಾಮಾಣಿಕನಾಗಿರಬೇಕು, ಮೈಯಲ್ಲಿ ಕಸುವಿರಬೇಕು. ಎರಡನ್ನೂ ಪರೀಕ್ಷಿಸಲು ಅಂದು ಪುರಸಭೆಯ ಸಾಹೇಬರು ಬರುವವರಿದ್ದರು. ತಾರಸಿ ಹತ್ತಿಸಿ ನೋಡುತ್ತಾರಂತೆ ಎಂಬ ಸುದ್ದಿ ತಂದವನು ಎದುರು ಮನೆಯ ದರ್ಜಿ. ಹತ್ತುವುದು ಮೇಸ್ತ್ರಿಯಿಂದ ಆಗದ ಮಾತು. ಲೈಸೆನ್ಸ್ ತಪ್ಪಿದರೆ ನಾಳೆಯಿಂದ ಕೈಕಟ್ಟಿ ಕೂರಬೇಕು.

ಸಾಹೇಬರು ಬಂದವರೇ ಮೊದಲು ಅಕ್ಕಪಕ್ಕದವರನ್ನು ವಿಚಾರಿಸಿದರು. ಮೇಸ್ತ್ರಿಯನ್ನು ಏಣಿಯಿಂದ ತಪ್ಪಿಸಲು ಭಾಮೈದ, ಭಾವನ ಮಂಡಿ ಸವೆದಿದೆ ಎಂದ. ಅದು ತಿಳಿಯದ ಹೆಂಡತಿ, ಬೆಳಿಗ್ಗೆಯಿಂದ ತಲೆಸುತ್ತು ಎಂದಳು. ದರ್ಜಿ ಮಾತ್ರ ಲೈಸೆನ್ಸ್ ಕೊಡಿಸಿಯೇ ತೀರುವ ಹಟದಲ್ಲಿದ್ದ.

“ಗಟ್ಟಿ ಆಳು ಸಾರ್. ನಿನ್ನೆ ನಾಯಿ ಅಟ್ಟಿಸ್ಕೊಂಡು ಬಂತು. ಓಡೀ ಓಡೀ ನಾಯೀನೇ ಸುಸ್ತಾಗಿ ಕೂತ್ಬಿಡ್ತು.”

ಸಾಹೇಬರು ಕನ್ನಡಕದ ಮೇಲಿನಿಂದ ಮೇಸ್ತ್ರಿಯನ್ನು ನೋಡಿದರು. “ಕಸುವಿನ ಮಾತು ಆಮೇಲೆ. ಪ್ರಾಮಾಣಿಕತೆ ಇಲ್ಲೇ ಮೂರು ಹೋಳಾಯ್ತಲ್ರೀ.”

ಮಾನ ಹೋಗುವುದಕ್ಕಿಂತ ಬಿದ್ದು ಸಾಯುವುದೇ ಮೇಲು ಎಂದು ಮೇಸ್ತ್ರಿಗೆ ಅನ್ನಿಸಿತು. ಪಕ್ಕದಲ್ಲೇ ಅವನು ಕಟ್ಟುತ್ತಿದ್ದ ಮನೆಗೆ ಇನ್ನೂ ಮೆಟ್ಟಿಲಾಗಿರಲಿಲ್ಲ, ಏಣಿ ಒರಗಿಸಿತ್ತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡು ಹತ್ತಿದ. ಮೇಲೆ ತಲುಪಿ, ಅರ್ಧ ಎದ್ದ ಕಂಬವೊಂದನ್ನು ಕೂಸು ತಾಯಿಯನ್ನು ತಬ್ಬಿದಂತೆ ತಬ್ಬಿ ಕೂತ. ಕರೆದರೆ ಕಂಬವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದ. ಬೀದಿಗೆ ಬೀದಿಯೇ ಸೇರಿತು.

ಮೇಲೆ ಹೋಗಿ ನೋಡುವುದು ಸಾಹೇಬರ ಕೆಲಸವಲ್ಲವೇ ಎಂದು ದರ್ಜಿ ಎಲ್ಲರಿಗೂ ಕೇಳುವಂತೆ ಹೇಳಿದ. ಅಷ್ಟು ಜನರ ಎದುರು ಒಲ್ಲೆ ಎನ್ನಲಾಗದೆ ಸಾಹೇಬರೂ ಹತ್ತಿದರು. ಹತ್ತಿ, ಅದೇ ಕಂಬದ ಇನ್ನೊಂದು ಬದಿಯನ್ನು ತಬ್ಬಿ ಕೂತರು.

ಇನ್ನು ಮುಚ್ಚಿಡುವುದು ಮೇಸ್ತ್ರಿಗೆ ಸಾಕಾಯಿತು. “ಮಂಡಿ ನೋವೂ ಇಲ್ಲ, ತಲೆಸುತ್ತೂ ಇಲ್ಲ ಸಾರ್. ನಂಗೆ ಎತ್ತರ ಅಂದ್ರೆ ಭಯ.”

ಸಾಹೇಬರು ಕಣ್ಣು ತೆರೆಯದೆ ಪಿಸುಗುಟ್ಟಿದರು. “ನಂಗೂನೂ. ಇಷ್ಟು ವರ್ಷ ಊರಿನ ಎಲ್ಲಾ ತಾರಸೀನೂ ಕೆಳಗಿಂದಾನೇ ನೋಡಿ ಪಾಸ್ ಮಾಡಿದ್ದೀನಿ.”

ಇಬ್ಬರಿಗೂ ಎದೆಯ ಮೇಲಿನ ಚಪ್ಪಡಿ ಇಳಿದಷ್ಟು ಹಗುರವಾಯಿತು. ಕೊನೆಗೆ ಹೆಂಡತಿಯೇ ಸರಸರನೆ ಹತ್ತಿ ಬಂದು, ಒಬ್ಬೊಬ್ಬರನ್ನೇ ಬೈಯುತ್ತ ಕೆಳಗಿಳಿಸಿದಳು.

ನೆಲ ಮುಟ್ಟಿದ ಸಾಹೇಬರು ಲೈಸೆನ್ಸ್ ಮಂಜೂರು ಎಂದರು. ಅಲ್ಲಿ ಮೇಲೆ ಕೂತು ನಿಜ ಹೇಳಿದವನಿಗಿಂತ ಪ್ರಾಮಾಣಿಕ ಇನ್ನಾರು? ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಭಾಮೈದ ಕುಣಿಯುವುದೊಂದು ಬಾಕಿ.

ಸಾಹೇಬರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದರು. “ನಾನು ಹತ್ತದೇ ಪಾಸ್ ಮಾಡಿದ ತಾರಸಿಗಳು ಮನಸ್ಸಿಗೆ ಚುಚ್ತಾ ಇವೆ ಮೇಸ್ತ್ರಿ. ಅವನ್ನೆಲ್ಲ ಹತ್ತಿ ನೋಡ್ಬರೋಕೆ ನಂಬಿಕಸ್ಥ ಬೇಕಿತ್ತು. ಹತ್ತದೇ ಹತ್ತಿದೆ ಅನ್ನೋರಲ್ಲ ನೀವು. ನಾಳೆಯಿಂದ ಶುರು ಮಾಡಿ. ಲೈಸೆನ್ಸಿಗೆ ಅದೊಂದೇ ಷರತ್ತು.”

ಮೇಸ್ತ್ರಿ ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಮನೆಯೊಳಗಿನಿಂದ ಸ್ಟೂಲು ತಂದು ಅವನ ಮುಂದಿಟ್ಟಿದ್ದಳು.

“ಇದ್ರಿಂದ ಶುರು ಮಾಡಿ. ಅಡುಗೆಮನೆ ಬಲ್ಬು ಹೋಗಿದೆ.”